ಹೊಲಿಗೆ ಯಂತ್ರದಿಂದ ಓದುವ ಮೇಜು

ಮಹಾನವಮಿಯ ದಿನ ಆಯುಧಪೂಜೆ ನಡೆಯುವ ಅನೇಕ ಮನೆಗಳಲ್ಲಿ ಕುಡುಗೋಲು, ಮಚ್ಚು, ಸೈಕಲ್ಲುಗಳ ಜೊತೆಗೆ ನಡುಮನೆಯ ಮೂಲೆಯಲ್ಲಿ ನಿಂತಿರುವ ಹೊಲಿಗೆ ಯಂತ್ರಕ್ಕೂ ಪೂಜೆ ಸಲ್ಲುತ್ತದೆ. ಅಂದು ಅದರ ಧೂಳನ್ನು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆಯ ಮಾಲೆ ತೊಡಿಸಿ ಆರತಿ ಎತ್ತುತ್ತಾರೆ. ಮರುದಿನದಿಂದ ಅದರ ಮೇಲೆ ಮತ್ತೆ ಮಡಿಸದ ಬಟ್ಟೆಗಳ ರಾಶಿ, ಹಳೆಯ ಪತ್ರಿಕೆಗಳ ಕಟ್ಟು ಬಂದು ಕೂಡುತ್ತವೆ. ಯಂತ್ರವು ಹೊಲಿಗೆಯನ್ನು ನಿಲ್ಲಿಸಿ ಹತ್ತಾರು ವರ್ಷಗಳಾಗಿರಬಹುದು. ಆದರೂ ಅದನ್ನು ಗುಜರಿ ಅಂಗಡಿಗೆ ಹಾಕಲು ಮನೆಯ ಹಿರಿಯರಿಗೆ ಮನಸ್ಸು ಬಾರದು.

ಇದಕ್ಕೆ ಕಾರಣವಿಷ್ಟೆ: ಒಂದು ಕಾಲದಲ್ಲಿ ಆ ಯಂತ್ರವು ಆ ಮನೆಗೆ ಅನ್ನ ಹಾಕಿತ್ತು. ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹಗಲೆಲ್ಲ ಮನೆಗೆಲಸ ಮಾಡಿ, ಮಕ್ಕಳು ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ನೆರೆಯವರ ರವಿಕೆ, ಲಂಗ, ಶಾಲೆಯ ಸಮವಸ್ತ್ರಗಳನ್ನು ಹೊಲಿದು, ಬಂದ ಹಣದಲ್ಲಿ ಮಕ್ಕಳ ಶುಲ್ಕವನ್ನೂ ಪುಸ್ತಕದ ಖರ್ಚನ್ನೂ ತೂಗಿಸಿದ ತಾಯಿ ಈಗ ಅಜ್ಜಿಯಾಗಿದ್ದಾರೆ. ಅವರ ಕಣ್ಣಿಗೆ ಸೂಜಿಯ ಕಣ್ಣು ಕಾಣಿಸುವುದಿಲ್ಲ. ಮೊಮ್ಮಗಳು ಒಂಬತ್ತನೆಯ ತರಗತಿಗೆ ಬಂದಿದ್ದಾಳೆ. ನೆಲದ ಮೇಲೆ ಬೋರಲಾಗಿ ಮಲಗಿ ಬರೆಯುತ್ತಾಳೆ. ಮನೆ ಚಿಕ್ಕದು. ಹೊಸ ಮೇಜನ್ನು ಕೊಳ್ಳಲು ಹಣ ದೊರೆತರೂ ಅದನ್ನಿಡಲು ಜಾಗವಿಲ್ಲ. ಜಾಗವೆಲ್ಲವನ್ನೂ ಹೊಲಿಗೆ ಯಂತ್ರವೇ ಆಕ್ರಮಿಸಿಕೊಂಡಿದೆ. ಹೀಗಿರುವಾಗ ಯಂತ್ರದ ಕಾಲನ್ನೇ ಮೇಜಿನ ಕಾಲಾಗಿ ಮಾಡಿಕೊಂಡರೆ ಹೇಗೆ ಎಂಬ ಯೋಚನೆ ಯಾರಿಗಾದರೂ ಹೊಳೆಯುವುದು ಸಹಜ. ಅನೇಕ ದೇಶಗಳಲ್ಲಿ ಅನೇಕರಿಗೆ ಇದು ಹೊಳೆದಿದೆ. ಆದರೆ ಆ ಕೆಲಸಕ್ಕೆ ಕೈಯಿಡುವ ಮುನ್ನ ಆ ಕಬ್ಬಿಣದ ಕಾಲು ಎಂಥದು, ಅದು ಏಕೆ ಹಾಗಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಕಾಲಿನಿಂದ ತುಳಿದು ನಡೆಸುವ ಹೊಲಿಗೆ ಯಂತ್ರದಲ್ಲಿ ಮೂರು ಭಾಗಗಳಿವೆ. ಮೇಲಿನದು ನಿಜವಾಗಿ ಹೊಲಿಯುವ ಭಾಗ. ದರ್ಜಿಗಳು ಇದನ್ನು ಹೆಡ್ಡು ಎನ್ನುತ್ತಾರೆ. ನಡುವೆ ಮರದ ಹಲಗೆ. ಕೆಳಗಿನದು ಎರಕದ ಕಬ್ಬಿಣದ ಸ್ಟ್ಯಾಂಡು. ಪಾದವು ಪೆಡಲನ್ನು ಹಿಂದಕ್ಕೂ ಮುಂದಕ್ಕೂ ತೂಗಿದಾಗ ಅದಕ್ಕೆ ಜೋಡಿಸಿದ ಉದ್ದನೆಯ ಸರಳು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಸರಳಿನ ಮೇಲ್ತುದಿಯನ್ನು ದೊಡ್ಡ ಚಕ್ರದ ಕೇಂದ್ರದಿಂದ ತುಸು ದೂರದಲ್ಲಿ ಸಿಕ್ಕಿಸಿರುವುದರಿಂದ ಈ ಏರಿಳಿತವು ಚಕ್ರದ ಸುತ್ತಾಟವಾಗಿ ಮಾರ್ಪಡುತ್ತದೆ. ಚಕ್ರದ ಅಂಚಿನ ತೋಡಿನಲ್ಲಿ ಕುಳಿತ ತೊಗಲಿನ ಬೆಲ್ಟು ಆ ಚಲನೆಯನ್ನು ಹೆಡ್ಡಿನ ಚಿಕ್ಕ ಚಕ್ರಕ್ಕೆ ಮುಟ್ಟಿಸುತ್ತದೆ. ದೊಡ್ಡ ಚಕ್ರವು ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕದು ಹಲವು ಸುತ್ತು ಬರುತ್ತದೆ. ಚಿಕ್ಕದರ ಒಂದೊಂದು ಸುತ್ತಿಗೆ ಒಂದೊಂದು ಹೊಲಿಗೆ ಬೀಳುತ್ತದೆ. ಸರಳು ತೀರ ಮೇಲೆ ಅಥವಾ ತೀರ ಕೆಳಗೆ ಇರುವ ಎರಡು ಕ್ಷಣಗಳಲ್ಲಿ ಪಾದದ ಒತ್ತಡವು ಚಕ್ರವನ್ನು ತಿರುಗಿಸಲಾರದು. ಆಗ ಅದನ್ನು ಮುಂದಕ್ಕೊಯ್ಯುವುದು ಅದರ ಜಡತ್ವ. ಚಕ್ರವನ್ನು ಅಷ್ಟು ಭಾರವಾಗಿ ಮಾಡಿರುವುದು ಇದಕ್ಕಾಗಿಯೇ. ಹೊಸದಾಗಿ ಕಲಿಯುವವರು ಮೊದಲು ಕೈಯಿಂದ ಚಿಕ್ಕ ಚಕ್ರವನ್ನು ತಿರುಗಿಸಿ, ಅದು ವೇಗ ಪಡೆಯುವಾಗ ತುಳಿಯಬೇಕು. ಇಲ್ಲವಾದರೆ ಚಕ್ರವು ಹಿಂದುಹಿಂದಕ್ಕೆ ತಿರುಗಿ ದಾರವೆಲ್ಲ ಸಿಕ್ಕಾಗುತ್ತದೆ. ಈ ಪಾಠವನ್ನು ಕಲಿಯುವಾಗ ಬೈಗುಳ ತಿನ್ನದವರು ವಿರಳ.

ಹೀಗೆ ನಿಮಿಷಕ್ಕೆ ನೂರಾರು ಬಾರಿ ಕುಲುಕಾಡುವ ಯಂತ್ರವು ನಿಂತಲ್ಲಿ ನಿಲ್ಲಬೇಕಾದರೆ ಅದರ ಕಾಲು ಗಟ್ಟಿಯಾಗಿದ್ದರಷ್ಟೇ ಸಾಲದು, ಕುಲುಕಾಟವನ್ನು ನುಂಗಿಕೊಳ್ಳುವಂತಿರಬೇಕು. ಎರಕದ ಕಬ್ಬಿಣಕ್ಕೆ, ಎಂದರೆ ಬೀಡುಕಬ್ಬಿಣಕ್ಕೆ, ಈ ಗುಣವಿದೆ. ಅದರಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಭಾಗದವರೆಗೆ ಇಂಗಾಲವಿರುತ್ತದೆ. ಈ ಇಂಗಾಲದ ಬಹುಪಾಲು ಗ್ರಾಫೈಟಿನ ಸಣ್ಣ ಸಣ್ಣ ಪದರುಗಳಾಗಿ ಲೋಹದೊಳಗೆ ಹರಡಿಕೊಂಡು ಕಂಪನವನ್ನು ತಗ್ಗಿಸುತ್ತದೆ. ಕಾರ್ಖಾನೆಗಳ ಲೇತು ಯಂತ್ರಗಳ ತಳವನ್ನು ಬೀಡುಕಬ್ಬಿಣದಿಂದ ಮಾಡುವುದಕ್ಕೂ ಇದೇ ಕಾರಣ. ಆದರೆ ಅದೇ ಪದರುಗಳು ಲೋಹವನ್ನು ಪೆಡಸು ಮಾಡುತ್ತವೆ. ಮೇಲಿನಿಂದ ಎಷ್ಟು ಭಾರ ಹೇರಿದರೂ ಬೀಡುಕಬ್ಬಿಣವು ತಾಳಿಕೊಳ್ಳುತ್ತದೆ. ಎಳೆದರೆ, ಬಾಗಿಸಿದರೆ, ಸುತ್ತಿಗೆಯಿಂದ ಹೊಡೆದರೆ ಮಣ್ಣಿನ ಮಡಕೆಯಂತೆ ಬಿರಿಯುತ್ತದೆ. ಇದನ್ನು ಮುಂದೆ ನೆನಪಿನಲ್ಲಿಡಬೇಕಾಗುತ್ತದೆ.

ಎರಕಕ್ಕೆ ಇನ್ನೊಂದು ಅನುಕೂಲವೂ ಉಂಟು. ಮರಳಿನ ಅಚ್ಚಿನಲ್ಲಿ ಕರಗಿದ ಲೋಹವನ್ನು ಹೊಯ್ಯುವಾಗ ನೇರವಾದ ಕಂಬಿಯನ್ನು ಹೊಯ್ದರೂ ಅಷ್ಟೆ, ಬಳ್ಳಿ ಎಲೆ ಹೂಗಳನ್ನು ಹೊಯ್ದರೂ ಹೆಚ್ಚುಕಡಿಮೆ ಅಷ್ಟೆ. ಮಾದರಿಯನ್ನು ಒಮ್ಮೆ ಕೆತ್ತಿದರಾಯಿತು. ಆದ್ದರಿಂದಲೇ ಹಳೆಯ ಸ್ಟ್ಯಾಂಡುಗಳ ಎರಡು ಪಕ್ಕಗಳಲ್ಲಿ ದೇವಸ್ಥಾನದ ಜಾಲಂಧ್ರವನ್ನು ನೆನಪಿಗೆ ತರುವ ಸುರುಳಿಗಳಿರುತ್ತವೆ. ಹಿಂಬದಿಯಲ್ಲಿ ಎರಡು ಪಕ್ಕಗಳನ್ನು ಬಂಧಿಸುವ ಅಡ್ಡಪಟ್ಟಿಯ ನಡುವೆ ಕಂಪನಿಯ ಹೆಸರು ಎದ್ದು ಕಾಣುವಂತೆ ಇರುತ್ತದೆ.

ಈ ಅಲಂಕಾರವು ಕೇವಲ ಚೆಲುವಿಗಾಗಿ ಬಂದದ್ದಲ್ಲ. ಹೊಲಿಗೆ ಯಂತ್ರವನ್ನು ಕಂಡುಹಿಡಿದ ಕೀರ್ತಿ ಒಬ್ಬನಿಗೇ ಸೇರುವುದಿಲ್ಲ. ಫ್ರಾನ್ಸಿನ ದರ್ಜಿ ಬಾರ್ತಲೆಮಿ ತಿಮೊನಿಯೆ 1830ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ತಮ್ಮ ಹೊಟ್ಟೆಯ ಮೇಲೆ ಕಲ್ಲು ಬಿದ್ದಿತೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ಅವನ ಕಾರ್ಯಾಗಾರಕ್ಕೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಅಮೆರಿಕದ ಎಲಿಯಾಸ್ ಹೋ 1846ರಲ್ಲಿ ಎರಡು ದಾರಗಳಿಂದ ಬಿಗಿಯಾದ ಹೊಲಿಗೆ ಹಾಕುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅದನ್ನು ಕೈಯಿಂದ ತಿರುಗಿಸಬೇಕಾಗಿತ್ತು. 1850ರಲ್ಲಿ ಬಾಸ್ಟನ್ ನಗರದ ಒಂದು ಕಾರ್ಯಾಗಾರದಲ್ಲಿ ಐಸಾಕ್ ಮೆರಿಟ್ ಸಿಂಗರ್ ಎಂಬಾತನು ಇನ್ನಷ್ಟು ಸಮರ್ಪಕವಾದ ಯಂತ್ರವನ್ನು ರಚಿಸಿ 1851ರ ಆಗಸ್ಟ್ 12ರಂದು ಹಕ್ಕುಪತ್ರ ಪಡೆದನು. ಆತನು ಅದನ್ನು ಕಾಲಿನಿಂದ ತುಳಿಯುವ ಏರ್ಪಾಟಿನೊಡನೆ ಮಾರಿದನು. ಹೊಲಿಯುವವರ ಎರಡು ಕೈಗಳೂ ಬಟ್ಟೆಯನ್ನು ಸರಿಪಡಿಸಲು ಬಿಡುವಾದವು. ಆರಂಭದ ಆ ದಿನಗಳಲ್ಲಿ ಯಂತ್ರವನ್ನು ತುಂಬಿ ಕಳುಹಿಸುತ್ತಿದ್ದ ಮರದ ಪೆಟ್ಟಿಗೆಯೇ ಅದರ ಮೇಜೂ ಆಗುತ್ತಿತ್ತು! ಒಂದು ವಸ್ತುವನ್ನು ಇನ್ನೊಂದಾಗಿ ಬಳಸುವ ಜಾಣತನವು ಹೊಲಿಗೆ ಯಂತ್ರದ ಹುಟ್ಟಿನೊಡನೆಯೇ ಬಂದಿದೆಯೆನ್ನಬೇಕು.

ಕಾರ್ಖಾನೆಗಳಿಗೆ ಮಾರುವಾಗ ಪೆಟ್ಟಿಗೆ ಸಾಕಾಗಿತ್ತು. ಮನೆಗಳಿಗೆ ಮಾರಬೇಕಾದಾಗ ಸಾಲಲಿಲ್ಲ. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮೇಲೆ ಯಂತ್ರವನ್ನು ಕೊಡುವ ಪದ್ಧತಿಯನ್ನು ಜಾರಿಗೆ ತಂದನು. ಇಡೀ ಬೆಲೆಯನ್ನು ಒಮ್ಮೆಗೆ ತೆರಲಾರದ ಕುಟುಂಬಗಳೂ ಈಗ ಯಂತ್ರವನ್ನು ಮನೆಗೆ ತಂದವು. ಮನೆಯ ನಡುವೆ, ಬಂದು ಹೋಗುವವರ ಕಣ್ಣೆದುರಿನಲ್ಲಿ ನಿಲ್ಲಬೇಕಾದ ಯಂತ್ರವು ಕಾರ್ಖಾನೆಯ ಸರಕಿನಂತೆ ಕಾಣಬಾರದು. ಮನೆಯ ಪೀಠೋಪಕರಣದಂತೆ ಕಾಣಬೇಕು. ಅದಕ್ಕಾಗಿ ಕಾಲಿಗೆ ಬಳ್ಳಿಗಳು, ಹಲಗೆಗೆ ಮೆರುಗು, ಪಕ್ಕಕ್ಕೆ ಖಾನೆಗಳು ಬಂದವು. ಅಂದರೆ ಸ್ಟ್ಯಾಂಡು ಮೊದಲಿನಿಂದಲೂ ಮೇಜೇ ಆಗಿತ್ತು. ಇಂದು ಅದನ್ನು ಮೇಜು ಮಾಡುವವರು ಹೊಸದೇನನ್ನೂ ಅದರ ಮೇಲೆ ಹೇರುತ್ತಿಲ್ಲ.

ಹಳೆಯ ಸಿಂಗರ್ ಯಂತ್ರಗಳಲ್ಲಿ ಬಹಳಷ್ಟು ತಯಾರಾದದ್ದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬಲ್ಲಿ. 1880ರ ದಶಕದಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. 1980ರಲ್ಲಿ ಅದು ಮುಚ್ಚಿತು. ಕಾರ್ಖಾನೆ ಇಲ್ಲವಾದರೂ ಅದರ ಕೆಲಸಗಾರರಿಗಾಗಿ ಇದ್ದ ರೈಲು ನಿಲ್ದಾಣವು ಇಂದಿಗೂ ಸಿಂಗರ್ ಎಂಬ ಹೆಸರಿನಿಂದಲೇ ಉಳಿದಿದೆ. ಭಾರತಕ್ಕೆ ಈ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಂದವು. ಜರ್ಮನಿಯ ಪಫ್ ಮೊದಲಾದ ಯಂತ್ರಗಳೂ ಬಂದವು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ಸಂಸ್ಥೆಯು ಉಷಾ ಯಂತ್ರಗಳ ತಯಾರಿಕೆಗೆ ತೊಡಗಿದ ಮೇಲೆ ನಮ್ಮ ದೇಶದ್ದೇ ಆದ ಯಂತ್ರಗಳು ಹಳ್ಳಿಹಳ್ಳಿಯ ಸಿಂಪಿಗರ ಅಂಗಡಿಗಳನ್ನೂ, ಮದುವೆಯ ಉಡುಗೊರೆಯಾಗಿ ಮನೆಗಳನ್ನೂ ಸೇರಿದವು.

ಯಂತ್ರಗಳ ವಿಷಯದಲ್ಲಿ ಅಷ್ಟಾಗಿ ಒಲವಿಲ್ಲದಿದ್ದ ಮಹಾತ್ಮ ಗಾಂಧೀಜಿಯವರು ಈ ಒಂದು ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿಯೊಬ್ಬರು ಅವರನ್ನು ಕಂಡು, ತಾವು ಎಲ್ಲ ಯಂತ್ರಗಳಿಗೂ ವಿರೋಧಿಗಳೇ ಎಂದು ಕೇಳಿದಾಗ, ಮನುಷ್ಯನ ಅಂಗಾಂಗಗಳನ್ನು ಜಡಗೊಳಿಸುವ ಯಂತ್ರದ ಹುಚ್ಚಿಗೆ ಮಾತ್ರ ತಾವು ವಿರೋಧಿಯೆಂದೂ, ಸಿಂಗರ್ ಹೊಲಿಗೆ ಯಂತ್ರವು ನಿಜವಾಗಿ ಉಪಯುಕ್ತವಾದ ಕೆಲವೇ ಸಾಧನಗಳಲ್ಲಿ ಒಂದೆಂದೂ ಹೇಳಿದರು. ಹೆಂಡತಿಯು ಕೈಯಿಂದ ಹೊಲಿಯುವ ಬೇಸರವನ್ನು ಕಂಡು ಮರುಗಿ ಸಿಂಗರನು ಅದನ್ನು ರಚಿಸಿದನೆಂಬ ಕಥೆಯನ್ನೂ ಅವರು ಹೇಳಿದರು. ಸಿಂಗರನ ಜೀವನಚರಿತ್ರೆಯು ಈ ಕಥೆಯನ್ನು ಸಮರ್ಥಿಸುವುದಿಲ್ಲ. ಅವನನ್ನು ಪ್ರೇರಿಸಿದ್ದು ಮುಖ್ಯವಾಗಿ ಹಣ. ಆದರೆ ಗಾಂಧೀಜಿಯವರ ಮಾತಿನ ತಿರುಳು ಆ ಕಥೆಯನ್ನು ಅವಲಂಬಿಸಿಲ್ಲ. ತುಳಿಯುವ ಯಂತ್ರವು ತುಳಿಯುವವರ ಅಧೀನದಲ್ಲಿರುತ್ತದೆ. ಪಾದ ನಿಂತರೆ ಅದೂ ನಿಲ್ಲುತ್ತದೆ.

ಸಿದ್ಧ ಉಡುಪುಗಳು ಅಗ್ಗವಾಗಿ ದೊರೆಯತೊಡಗಿದ ಮೇಲೆ, ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಬಂದ ಮೇಲೆ ಮನೆಯ ತುಳಿಯಂತ್ರಗಳು ಮೂಲೆ ಸೇರಿದವು. ಹಾಗೆಂದು ಅವುಗಳ ಕಾಲ ಮುಗಿಯಿತೆಂದು ಭಾವಿಸುವುದು ತಪ್ಪು. ಇಂದಿಗೂ ಹೊಸ ತುಳಿಯಂತ್ರಗಳು ಮಾರಾಟವಾಗುತ್ತಿವೆ. ವಿದ್ಯುತ್ತು ಬಂದು ಹೋಗಿ ಮಾಡುವ ಊರುಗಳಲ್ಲಿ ಅವುಗಳ ಬೆಲೆ ತಿಳಿದವರಿಗೆ ತಿಳಿದಿದೆ.

ಆದುದರಿಂದ ಮೇಜು ಮಾಡಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಹಲಗೆಯ ಅಳತೆಯನ್ನು ಕುರಿತದ್ದಲ್ಲ. ಈ ಯಂತ್ರವು ನಿಜವಾಗಿ ಸತ್ತಿದೆಯೇ ಎಂಬುದು. ಮೂಲೆ ಸೇರಿದ ಯಂತ್ರಗಳಲ್ಲಿ ಬಹಳಷ್ಟು ಸತ್ತಿರುವುದಿಲ್ಲ. ವರ್ಷಗಟ್ಟಲೆ ಬಳಸದೆ ಬಿಟ್ಟಾಗ ಒಳಗಿನ ಎಣ್ಣೆಯು ಒಣಗಿ ಅಂಟಾಗಿ ಚಕ್ರವನ್ನು ಕಚ್ಚಿಕೊಂಡಿರುತ್ತದೆ, ಅಷ್ಟೆ. ಎಣ್ಣೆ ಬಿಡುವ ರಂಧ್ರಗಳಿಗೆ ಸ್ವಲ್ಪ ಸೀಮೆಎಣ್ಣೆಯನ್ನು ಬಿಟ್ಟು, ಒಂದು ರಾತ್ರಿ ಕಾದು, ಚಿಕ್ಕ ಚಕ್ರವನ್ನು ಬಲವಂತ ಮಾಡದೆ ಹಿಂದುಮುಂದಾಗಿ ಆಡಿಸಿದರೆ ಅನೇಕ ವೇಳೆ ಅದು ಸಡಿಲವಾಗುತ್ತದೆ. ಬಳಿಕ ಹಳೆಯ ಜಿಡ್ಡನ್ನು ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ಹಾಕಬೇಕು. ಬೆಲ್ಟು, ಸೂಜಿ, ಬಾಬಿನ್ನುಗಳು ಹೆಚ್ಚಿನ ಬೆಲೆಯವಲ್ಲ. ಹೀಗೆ ಎದ್ದು ನಿಂತ ಯಂತ್ರವನ್ನು ಒಡೆದು ಮೇಜು ಮಾಡುವುದಕ್ಕಿಂತ, ಹೊಲಿಗೆ ಕಲಿತು ಯಂತ್ರ ಕೊಳ್ಳಲಾಗದೆ ಕುಳಿತ ನೆರೆಯ ಹೆಣ್ಣುಮಗಳಿಗೆ ಕೊಡುವುದು ಮೇಲು. ಮೇಜಿಗೆ ಬೇರೆ ಮರ ದೊರೆಯುತ್ತದೆ. ಅವಳಿಗೆ ಬೇರೆ ಯಂತ್ರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ.

ಇದಕ್ಕೊಂದು ಮಧ್ಯಮಾರ್ಗವೂ ಇದೆ. ಹೆಚ್ಚಿನ ಹೆಡ್ಡುಗಳಿಗೆ ಕೈಹಿಡಿಯನ್ನು ಜೋಡಿಸಬಹುದು. ಮರದ ಒಂದು ಚಿಕ್ಕ ಪೆಟ್ಟಿಗೆಯ ಮೇಲೆ ಹೆಡ್ಡನ್ನು ಕೂಡಿಸಿ, ಚಿಕ್ಕ ಚಕ್ರಕ್ಕೆ ಕೈಹಿಡಿ ಹಾಕಿದರೆ ಅದು ಕೈಯಂತ್ರವಾಗುತ್ತದೆ. ಬೇಕಾದಾಗ ಎತ್ತಿಟ್ಟುಕೊಂಡು ಹರಿದದ್ದನ್ನು ಹೊಲಿಯಬಹುದು. ಸ್ಟ್ಯಾಂಡು ಮೇಜಾಗಿ ಬಿಡುವಾಗುತ್ತದೆ. ಮೇಲೆ ಊಹಿಸಿದ ಮನೆಯ ಅಜ್ಜಿ ಒಪ್ಪಬಹುದಾದ ಏರ್ಪಾಟು ಇದೊಂದೇ ಎನ್ನಬಹುದು.

ಈಗ ಕೆಲಸ. ಹೆಡ್ಡನ್ನು ಹಲಗೆಗೆ ಬಂಧಿಸಿರುವ ಎರಡು ಕೀಲುಗಳ ತಿರುಪುಗಳನ್ನು ಸಡಿಲಿಸಿದರೆ ಅದನ್ನು ಹೊರಗೆ ತೆಗೆಯಬಹುದು. ಅದು ಭಾರವಾದುದರಿಂದ ಇಬ್ಬರಿರುವುದು ಲೇಸು. ಬೆಲ್ಟನ್ನು ಕಳಚಿ, ಹಲಗೆಯ ಕೆಳಗಿನ ನಾಲ್ಕು ಮೂಲೆಗಳ ತಿರುಪುಗಳನ್ನು ಬಿಚ್ಚಿದರೆ ಸ್ಟ್ಯಾಂಡು ಬರಿದಾಗಿ ಉಳಿಯುತ್ತದೆ. ತುಕ್ಕು ಹಿಡಿದ ನಟ್ಟುಗಳನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೋಗಬಾರದು. ಬೀಡುಕಬ್ಬಿಣವು ಪೆಡಸೆಂಬುದು ಇಲ್ಲಿ ನೆನಪಾಗಬೇಕು. ಎಣ್ಣೆ ಬಿಟ್ಟು ಒಂದೆರಡು ದಿನ ಕಾದರೆ ತಾನೇ ಬರುವ ನಟ್ಟಿಗಾಗಿ ಆತುರಪಟ್ಟು ಕಿವಿಯಂತೆ ಚಾಚಿಕೊಂಡಿರುವ ತುದಿಯನ್ನು ಮುರಿದುಕೊಂಡವರು ಬಹಳ ಜನ. ಮುರಿದದ್ದನ್ನು ಸಾಧಾರಣ ಬೆಸುಗೆಯಿಂದ ಕೂಡಿಸುವುದು ಕಷ್ಟ. ಬೆಸೆದ ಕಡೆ ತಣಿಯುವಾಗ ಪಕ್ಕದಲ್ಲಿ ಮತ್ತೆ ಬಿರುಕು ಬಿಡುತ್ತದೆ. ತೂತು ಕೊರೆದು, ಉಕ್ಕಿನ ಪಟ್ಟಿಯಿಟ್ಟು ನಟ್ಟು ಬೋಲ್ಟಿನಿಂದ ಬಿಗಿಯುವುದೇ ಉತ್ತಮ.

ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಾರೆ. ಹಳೆಯ ಕಪ್ಪು ಮೆರುಗು ಚೆನ್ನಾಗಿಯೇ ಉಳಿದಿದ್ದರೆ ಅದನ್ನು ಕೆರೆಯದೆ ಸಾಬೂನಿನ ನೀರಿನಿಂದ ಒರೆಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು; ಅಂಥ ಮೆರುಗನ್ನು ಈಗಿನ ಬಣ್ಣದ ಡಬ್ಬಿಯಿಂದ ತರಲಾಗದು. ಮೆರುಗು ಕಿತ್ತುಹೋಗಿದ್ದರೆ ರೆಡ್ ಆಕ್ಸೈಡಿನ ಒಂದು ಲೇಪ, ಅದರ ಮೇಲೆ ಕಪ್ಪು ಎನಾಮೆಲ್ಲಿನ ಎರಡು ಲೇಪ ಬೇಕಾಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸವನ್ನು ಬೆರೆಸುವುದು ಸಾಮಾನ್ಯವಾಗಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ಭಾರತದಲ್ಲಿ ರಚಿತವಾದುದು 2016ರಲ್ಲಿ. ಸೀಸದ ಧೂಳು ಉಸಿರಿನೊಡನೆ ಒಳಹೊಕ್ಕರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಯಾಗುತ್ತದೆ. ಆದ್ದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಬೇಕು; ಮನೆಯ ಹೊರಗೆ, ಮೂಗು ಬಾಯಿ ಮುಚ್ಚಿಕೊಂಡು, ದೊಡ್ಡವರು ಈ ಕೆಲಸವನ್ನು ಮಾಡಬೇಕು. ಓದುವ ಮಗುವಿಗಾಗಿ ಮೇಜು ಮಾಡಹೋಗಿ ಅದೇ ಮಗುವಿಗೆ ವಿಷವುಣಿಸುವಂತಾಗಬಾರದು.

ಹಲಗೆಯ ವಿಷಯಕ್ಕೆ ಬರೋಣ. ಹಳೆಯ ಹಲಗೆಯಲ್ಲಿ ಹೆಡ್ಡು ಕೂಡುವ ಜಾಗದಲ್ಲಿ ದೊಡ್ಡ ಕಂಡಿಯಿರುತ್ತದೆ. ಹಲಗೆ ಗಟ್ಟಿಯಾಗಿದ್ದರೆ ಆ ಕಂಡಿಗೆ ಸರಿಯಾಗಿ ಮರದ ತುಂಡೊಂದನ್ನು ಕತ್ತರಿಸಿ ಕೂಡಿಸಬಹುದು. ಖರ್ಚು ಕಡಿಮೆ, ಖಾನೆಗಳೂ ಉಳಿಯುತ್ತವೆ. ಹುಳು ಹಿಡಿದಿದ್ದರೆ ಹೊಸ ಹಲಗೆ ಬೇಕು. ಹಲಸು, ತೇಗ, ಹೊನ್ನೆ ಯಾವುದಾದರೂ ಆದೀತು. ಹಳೆಯ ಮನೆಯ ಬಾಗಿಲಿನ ಹಲಗೆ ದೊರೆತರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ಎಷ್ಟೋ ಮಳೆಗಾಲಗಳನ್ನು ಕಂಡು ಹದಗೊಂಡಿರುತ್ತದೆ. ಹಸಿ ಮರವು ಒಣಗುವಾಗ ಡೊಂಕಾಗುತ್ತದೆ. ಒಣಗಿದ ಮರವೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ತೇವವನ್ನು ಹೀರಿ ಅಗಲವಾಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಬದಲಾವಣೆ ತೀರ ಅಲ್ಪ. ಅಡ್ಡಕ್ಕೆ ಕೆಲವು ಮಿಲಿಮೀಟರುಗಳಷ್ಟು ಆಗಬಹುದು. ಕಬ್ಬಿಣವಾದರೋ ಹಾಗೆ ಹಿಗ್ಗುವುದಿಲ್ಲ. ಎರಡನ್ನೂ ಅಲುಗದಂತೆ ಬಿಗಿದುಬಿಟ್ಟರೆ ಹಲಗೆ ಸೀಳುತ್ತದೆ, ಇಲ್ಲವೆ ಕಬ್ಬಿಣದ ಕಿವಿ ಮುರಿಯುತ್ತದೆ. ಅನುಭವವುಳ್ಳ ಬಡಗಿಯು ತಿರುಪಿನ ರಂಧ್ರವನ್ನು ಗುಂಡಾಗಿ ಕೊರೆಯದೆ ಅಗಲದ ದಿಕ್ಕಿನಲ್ಲಿ ತುಸು ಉದ್ದವಾಗಿ ಕೊರೆದು, ಅಗಲವಾದ ವಾಷರಿಟ್ಟು ಹದವಾಗಿ ಬಿಗಿಯುತ್ತಾನೆ. ಮರಕ್ಕೆ ಉಸಿರಾಡಲು ಅಷ್ಟು ಎಡೆ ಸಾಕು.

ಮರದ ಬದಲು ಕಲ್ಲಿನ ಚಪ್ಪಡಿಯನ್ನು ಹಾಸುವವರೂ ಇದ್ದಾರೆ. ಕರ್ನಾಟಕದಲ್ಲಿ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲಿಗೂ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟಿಗೂ ಕೊರತೆಯಿಲ್ಲ. ನೋಡಲು ಚೆಲುವಾಗಿರುತ್ತದೆ, ಬಿಸಿ ಪಾತ್ರೆ ಇಟ್ಟರೂ ಕಲೆಯಾಗದು. ಆದರೆ ಒಂದು ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ಚಪ್ಪಡಿಯ ಗಾತ್ರವು 8100 ಘನ ಸೆಂಟಿಮೀಟರ್. ಅಂಥ ಕಲ್ಲಿನ ಸಾಂದ್ರತೆಯನ್ನು 2.7 ಎಂದು ಹಿಡಿದರೆ ತೂಕವು ಸುಮಾರು 22 ಕಿಲೋಗ್ರಾಂ ಆಗುತ್ತದೆ. ಅದೇ ಉದ್ದಗಲದ, ಎರಡೂವರೆ ಸೆಂಟಿಮೀಟರ್ ದಪ್ಪದ ತೇಗದ ಹಲಗೆಯು ಆರೂವರೆ ಕಿಲೋಗ್ರಾಮಿನಷ್ಟು ತೂಗುತ್ತದೆ. ಸ್ಟ್ಯಾಂಡಿನ ತೂಕವನ್ನು 20 ಕಿಲೋಗ್ರಾಂ ಎಂದೂ, ಅದರ ಗುರುತ್ವಕೇಂದ್ರವು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿದೆಯೆಂದೂ, ಹಲಗೆಯು 72 ಸೆಂಟಿಮೀಟರ್ ಎತ್ತರದಲ್ಲಿದೆಯೆಂದೂ ಇಟ್ಟುಕೊಂಡರೆ, ಮರದ ಮೇಜಿನ ಗುರುತ್ವಕೇಂದ್ರವು ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿಯೂ ಕಲ್ಲಿನ ಮೇಜಿನದು 52 ಸೆಂಟಿಮೀಟರ್ ಎತ್ತರದಲ್ಲಿಯೂ ಇರುತ್ತದೆ. ಸ್ಟ್ಯಾಂಡಿನ ಕಾಲುಗಳು ಹಿಂದಕ್ಕೂ ಮುಂದಕ್ಕೂ ಹೆಚ್ಚು ಚಾಚಿಕೊಂಡಿರುವುದಿಲ್ಲ. ಗುರುತ್ವಕೇಂದ್ರವು ಮೇಲೇರಿದಷ್ಟೂ ಸ್ವಲ್ಪ ವಾಲಿದರೂ ಮಗುಚುವ ಭಯ ಹೆಚ್ಚು. ಹಲಗೆಯನ್ನು ಕಾಲಿನ ಆಚೆಗೆ ಬಹಳ ಚಾಚಿಸಿದಾಗಲೂ ಹೀಗೆಯೇ: ತುದಿಯ ಮೇಲೆ ಮಗುವೊಂದು ಜೋತುಬಿದ್ದರೆ ಮೇಜು ಎದ್ದೇಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಕಲ್ಲು ತಕ್ಕುದಲ್ಲ. ಹಾಕಲೇಬೇಕೆಂದರೆ ಮೇಜನ್ನು ಗೋಡೆಗೆ ಬಂಧಿಸಬೇಕು.

ಚಕ್ರವನ್ನೂ ಪೆಡಲನ್ನೂ ಏನು ಮಾಡಬೇಕೆಂಬುದು ಉಳಿದ ಪ್ರಶ್ನೆ. ಎರಡನ್ನೂ ತೆಗೆದುಬಿಟ್ಟರೆ ಸ್ಟ್ಯಾಂಡು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಇದ್ದ ಹಾಗೆಯೇ ಬಿಟ್ಟರೆ ಅಪಾಯ. ಮಗುವೊಂದು ಪೆಡಲನ್ನು ತುಳಿಯುವಾಗ ಇನ್ನೊಂದು ಚಕ್ರದ ಕಡ್ಡಿಗಳ ನಡುವೆ ಬೆರಳಿಟ್ಟರೆ ಆಗುವುದನ್ನು ಹೇಳಬೇಕಾಗಿಲ್ಲ. ಹಿಂದಿನವರಿಗೂ ಇದರ ಅರಿವಿತ್ತು. ಹೊಲಿಯುವವರ ಉಡುಪಿನ ಅಂಚು ಚಕ್ರಕ್ಕೆ ಸಿಕ್ಕದಿರಲೆಂದು ಅನೇಕ ಸ್ಟ್ಯಾಂಡುಗಳಲ್ಲಿ ಚಕ್ರದ ಒಳಬದಿಗೆ ಒಂದು ತಡೆಯನ್ನು ಎರಕ ಹೊಯ್ದು ಇಟ್ಟಿರುತ್ತಿದ್ದರು. ಮೇಜು ಮಾಡುವಾಗ ಪೆಡಲಿಗೂ ಚಕ್ರಕ್ಕೂ ನಡುವಣ ಸರಳನ್ನು ಬಿಚ್ಚಿ, ಚಕ್ರವನ್ನು ಚೌಕಟ್ಟಿಗೆ ಗಟ್ಟಿಯಾದ ತಂತಿಯಿಂದ ಕಟ್ಟಿದರೆ ಸಾಕು. ಚಕ್ರ ತಿರುಗುವುದಿಲ್ಲ, ಅಂದವೂ ಕೆಡುವುದಿಲ್ಲ. ಬಿಚ್ಚಿದ ಸರಳನ್ನೂ ಅದರ ತಿರುಪುಗಳನ್ನೂ ಬಟ್ಟೆಯಲ್ಲಿ ಸುತ್ತಿ ಖಾನೆಯೊಳಗೆ ಇಡಬೇಕು. ಮುಂದೊಂದು ದಿನ ಯಾರಿಗಾದರೂ ಮತ್ತೆ ಹೊಲಿಯುವ ಮನಸ್ಸಾದರೆ ಒಂದು ಗಂಟೆಯೊಳಗೆ ಮೇಜು ಯಂತ್ರವಾಗಬಲ್ಲುದು. ಕೊರೆದು, ಕತ್ತರಿಸಿ, ಹಿಂದಿರುಗಲಾರದಂತೆ ಮಾಡಿದ ಕೆಲಸಕ್ಕಿಂತ ಇಂಥ ಕೆಲಸ ಮೇಲೆಂದು ಬಲ್ಲ ಬಡಗಿಗಳೆಲ್ಲರೂ ಒಪ್ಪುತ್ತಾರೆ.

ಈಚಿನ ವರ್ಷಗಳಲ್ಲಿ ಬೆಂಗಳೂರಿನಂಥ ನಗರಗಳ ಉಪಾಹಾರ ಗೃಹಗಳಲ್ಲಿ, ಸಿರಿವಂತರ ಮನೆಗಳ ಹಜಾರಗಳಲ್ಲಿ ಈ ಸ್ಟ್ಯಾಂಡುಗಳು ಅಲಂಕಾರದ ವಸ್ತುಗಳಾಗಿ ಕಾಣಿಸಿಕೊಳ್ಳುತ್ತಿವೆ. ಕೈತೊಳೆಯುವ ಬೋಗುಣಿಯನ್ನು ಇಡಲು ಸಹ ಅವನ್ನು ಬಳಸುತ್ತಾರೆ. ಬೇಡಿಕೆ ಹುಟ್ಟಿದಲ್ಲಿ ವ್ಯಾಪಾರಿಗಳೂ ಹುಟ್ಟುತ್ತಾರೆ. ಕಾಲಿಗೆ ಬೆಲೆ ಬಂದು ತಲೆಗೆ ಬೆಲೆಯಿಲ್ಲದಾದಾಗ ಚೆನ್ನಾಗಿ ಹೊಲಿಯುವ ಹೆಡ್ಡುಗಳು ಹಳೆಯ ಕಬ್ಬಿಣದ ತೂಕಕ್ಕೆ ಹೋಗುತ್ತವೆ. ಹೆಡ್ಡಿನ ಮೇಲೆ ಅಕ್ಷರಗಳೊಡನೆ ಕೆತ್ತಿರುವ ಕ್ರಮಸಂಖ್ಯೆಯಿಂದ ಸಿಂಗರ್ ಯಂತ್ರವು ಯಾವ ವರ್ಷ ಎಲ್ಲಿ ತಯಾರಾಯಿತೆಂಬುದನ್ನು ತಿಳಿಯಬಹುದು. ನೂರು ವರ್ಷ ದುಡಿದು ಇನ್ನೂ ದುಡಿಯಬಲ್ಲ ಯಂತ್ರವು ಕುಲುಮೆಗೆ ಬೀಳುವುದನ್ನು ಚೆಲುವಿನ ಹೆಸರಿನಲ್ಲಿ ಒಪ್ಪಲಾಗದು. ಬಡವರ ಮನೆಯಲ್ಲಿ ಜಾಗಕ್ಕಾಗಿ ನಡೆಯುವ ಮಾರ್ಪಾಟಿಗೂ ಇದಕ್ಕೂ ಬಹಳ ಅಂತರವಿದೆ.

ಆ ಮನೆಯ ಮೂಲೆಗೆ ಮತ್ತೊಮ್ಮೆ ಹೋಗಬಹುದು. ಹಳೆಯ ಬಾಗಿಲಿನ ಹಲಗೆ ಸ್ಟ್ಯಾಂಡಿನ ಮೇಲೆ ಕುಳಿತಿದೆ. ಓದುವುದಕ್ಕೆ ಎತ್ತರ ಸರಿಯಾಗಿದೆ. ಹೊಲಿಯಲು ಕುಳಿತವರ ಮೊಣಕೈಗೆ ತಕ್ಕಂತೆ ಮಾಡಿದ ಎತ್ತರವು ಬರೆಯಲು ಕುಳಿತವರ ಮೊಣಕೈಗೂ ಒಪ್ಪುತ್ತದೆ. ಬಲಗಡೆಯ ಖಾನೆಯಲ್ಲಿ ಬಾಬಿನ್ನು, ಗುಂಡಿ, ಗುರುತು ಮಾಡುವ ಸೀಮೆಸುಣ್ಣದ ಚೂರುಗಳ ಜೊತೆಗೆ ಈಗ ಕೈವಾರ, ಕೋನಮಾಪಕಗಳು ಸೇರಿವೆ. ಕೈಹಿಡಿ ಹಾಕಿದ ಹೆಡ್ಡು ಅಟ್ಟದ ಕೆಳಗಿನ ಹಲಗೆಯ ಮೇಲೆ ಬಟ್ಟೆ ಹೊದ್ದು ಕುಳಿತಿದೆ. ಹುಡುಗಿಯು ಲೆಕ್ಕ ಬಿಡಿಸುತ್ತಿರುವಾಗ ಅವಳ ಪಾದಗಳು ತಮಗೆ ತಾವೇ ಪೆಡಲಿನ ಮೇಲೆ ಏರಿ ತೂಗತೊಡಗುತ್ತವೆ. ಚಕ್ರ ತಿರುಗುವುದಿಲ್ಲ, ಕೀಲುಗಳು ಮಾತ್ರ ಕಿರುಗುಟ್ಟುತ್ತವೆ. ಒಳಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿಯ ಕಿವಿಗೆ ಆ ಸದ್ದು ಬೀಳುತ್ತದೆ.

"ನಿಲ್ಲಿಸು ಮಗು, ಹಾಗೆ ಒಣಗಾಲಲ್ಲಿ ತುಳಿಯಬಾರದು" ಎನ್ನುತ್ತ ಅವರು ಎದ್ದು, ಗೂಡಿನಲ್ಲಿದ್ದ ಎಣ್ಣೆಯ ಪುಟ್ಟ ಡಬ್ಬಿಯನ್ನು ತಂದು, ಕಣ್ಣಿಗೆ ಕಾಣದ ರಂಧ್ರಗಳನ್ನು ಬೆರಳಿನಿಂದಲೇ ಹುಡುಕಿ ಒಂದೊಂದು ತೊಟ್ಟು ಬಿಡುತ್ತಾರೆ.